ಸರದಿಯ ಸ್ಥಳಾಂತರ: ರೈಲ್ವೆ ಮುಂಗಡ ಟಿಕೆಟಿನ ನಾಲ್ಕು ದಶಕಗಳು

ಊರಿಗೆ ಹೋಗಬೇಕೆಂಬ ಮನಸ್ಸು ಹೊರನಾಡ ಕನ್ನಡಿಗರಿಗೆ ಯಾವಾಗ ಬೇಕಾದರೂ ಬರಬಹುದು. ಆ ಮನಸ್ಸು ಪ್ರಯಾಣವಾಗಬೇಕಾದರೆ ಮಾತ್ರ ಟಿಕೆಟ್ ಸಿಗಬೇಕು. ಮುಂಬೈಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕಲಬುರಗಿಯಲ್ಲಿ ಇಳಿಯುವವರು, ಮತ್ಸ್ಯಗಂಧದಲ್ಲಿ ಕರಾವಳಿಗೆ ಹೊರಡುವವರು, ದೆಹಲಿಯಿಂದ ಎರಡು ರಾತ್ರಿ ರೈಲಿನಲ್ಲೇ ಕಳೆದು ಬೆಂಗಳೂರು ಸೇರುವವರು, ಇವರೆಲ್ಲರ ಬದುಕಿನ ಪಂಚಾಂಗದಲ್ಲಿ ಹಬ್ಬದ ತಿಥಿಗಿಂತ ಮುಂಚಿನ ಒಂದು ತಾರೀಖು ಇರುತ್ತದೆ. ಆ ಹಬ್ಬದ ರೈಲಿಗೆ ಕಾಯ್ದಿರಿಸುವಿಕೆ ತೆರೆಯುವ ದಿನವೇ ಅದು. ಅಣ್ಣನ ಮಗಳ ಮದುವೆಗೆ ಯಾರು ಹೋದರು, ಯಾರು ಹೋಗಲಾಗಲಿಲ್ಲ ಎಂಬುದನ್ನು ಎಷ್ಟೋ ಸಲ ಆ ದಿನದ ಕೆಲವೇ ನಿಮಿಷಗಳು ತೀರ್ಮಾನಿಸಿವೆ.

ಈ ಕೆಲವು ನಿಮಿಷಗಳಿಗೂ ಒಂದು ಚರಿತ್ರೆಯಿದೆ. ಬೀದಿಯಲ್ಲಿ ನಿಲ್ಲುತ್ತಿದ್ದ ಸಾಲು ಕೌಂಟರಿನ ಮುಂದಕ್ಕೆ, ಅಲ್ಲಿಂದ ದೂರವಾಣಿ ತಂತಿಯೊಳಕ್ಕೆ, ಅಲ್ಲಿಂದ ಜಾಲತಾಣದ ಸರ್ವರುಗಳೊಳಕ್ಕೆ ಸರಿದ ಚರಿತ್ರೆಯದು. ಭಾರತೀಯ ರೈಲ್ವೆಯ ಗಣಕೀಕೃತ ಕಾಯ್ದಿರಿಸುವಿಕೆಯನ್ನು ನಮ್ಮ ತಾಂತ್ರಿಕ ಸಾಧನೆಗಳ ಸಾಲಿನಲ್ಲಿ ಹೆಮ್ಮೆಯಿಂದ ಎಣಿಸುವುದುಂಟು, ಹಾಗೆ ಎಣಿಸುವುದು ಸರಿಯೇ. ಅದೇ ಚರಿತ್ರೆಯನ್ನು ಸಾಲಿನಲ್ಲಿ ನಿಂತವರ ಕಡೆಯಿಂದ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಈ ನಲವತ್ತು ವರ್ಷಗಳಲ್ಲಿ ಸಾಲು ಕರಗಲಿಲ್ಲ. ಅದು ನಿಲ್ಲುವ ಜಾಗ ಬದಲಾಯಿತು. ಜಾಗ ಬದಲಾದಂತೆ ಸಾಲಿನಲ್ಲಿ ಮುಂದಿರುವವರೂ ಬದಲಾದರು.

ಖಾತೆಪುಸ್ತಕದ ಕಾಲ

ಗಣಕಯಂತ್ರ ಬರುವ ಮುಂಚೆ ಕಾಯ್ದಿರಿಸುವಿಕೆ ಎಂದರೆ ಒಂದು ದೊಡ್ಡ ಖಾತೆಪುಸ್ತಕ. ಒಂದೊಂದು ರೈಲಿಗೆ, ಒಂದೊಂದು ದಿನಾಂಕಕ್ಕೆ ಪ್ರತ್ಯೇಕ ಪುಟಗಳು. ಗುಮಾಸ್ತರು ಪುಟ ತೆರೆದು, ಖಾಲಿಯಿರುವ ಬರ್ತಿನ ಎದುರು ಹೆಸರು, ವಯಸ್ಸು ಬರೆದುಕೊಂಡು, ದಪ್ಪ ರಟ್ಟಿನ ಚಿಕ್ಕ ಟಿಕೆಟನ್ನು ಕೊಡುತ್ತಿದ್ದರು. ಪುಸ್ತಕ ಒಂದೇ ಆದ್ದರಿಂದ ಅದು ಇದ್ದ ಕಿಟಕಿಯ ಮುಂದೆಯೇ ಆ ರೈಲಿನ ಸಾಲು ನಿಲ್ಲಬೇಕಿತ್ತು. ಒಂದು ಕಿಟಕಿಯಲ್ಲಿ ಜನವೇ ಇಲ್ಲದೆ ಗುಮಾಸ್ತರು ಸುಮ್ಮನೆ ಕುಳಿತಿದ್ದರೂ ಪಕ್ಕದ ಕಿಟಕಿಯ ಸಾಲು ರಸ್ತೆಯವರೆಗೆ ಹಬ್ಬಿರಬಹುದಿತ್ತು. ತಪ್ಪು ಸಾಲಿನಲ್ಲಿ ಅರ್ಧ ದಿನ ನಿಂತು, ಕಿಟಕಿ ಮುಟ್ಟಿದ ಮೇಲೆ ‘ಈ ಗಾಡಿ ಇಲ್ಲಿಲ್ಲ’ ಎಂಬ ಉತ್ತರ ಪಡೆಯುವುದು ಆ ಕಾಲದ ಪ್ರಯಾಣಿಕರ ಸಾಮಾನ್ಯ ಅನುಭವ.

ಮಧ್ಯದ ನಿಲ್ದಾಣಗಳ ಪಾಡು ಇನ್ನೊಂದು ಬಗೆಯದು. ರೈಲು ಹೊರಡುವ ಊರಿನಲ್ಲಿ ಪುಸ್ತಕವಿದ್ದರೆ ದಾರಿಯ ಊರುಗಳಿಗೆ ಇಂತಿಷ್ಟು ಬರ್ತುಗಳೆಂದು ಕೋಟಾ ಹಂಚಿರುತ್ತಿದ್ದರು. ಒಂದು ಊರಿನ ಕೋಟಾ ಮಾರಾಟವಾಗದೆ ಉಳಿದರೂ ಮತ್ತೊಂದು ಊರಿನಲ್ಲಿ ಜನ ಬರ್ತಿಲ್ಲದೆ ಹಿಂದಿರುಗುತ್ತಿದ್ದರು. ಹಿಂದಿರುಗುವ ಪ್ರಯಾಣಕ್ಕೆ ಬರ್ತು ಬೇಕೆಂದರೆ ತಂತಿ ಕಳಿಸಬೇಕು. ಆ ಊರಿನ ಗುಮಾಸ್ತರು ತಮ್ಮ ಪುಸ್ತಕ ನೋಡಿ ಮರುತಂತಿ ಕಳಿಸುವವರೆಗೆ ಕಾಯಬೇಕು. ಮುಂಬೈಯಲ್ಲಿ ದುಡಿಯುತ್ತಿದ್ದವರು ಊರಿಗೆ ಹೋಗುವ ಬರ್ತು ಹಿಡಿದು ಹೊರಟರೂ ಮರಳಿ ಬರುವುದು ದೇವರ ಚಿತ್ತಕ್ಕೆ ಬಿಟ್ಟ ಮಾತಾಗಿತ್ತು.

ಪುಸ್ತಕ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ಬರ್ತು. ಪ್ರಯಾಣಿಕರಿಗೆ ಪುಟ ಕಾಣುತ್ತಿರಲಿಲ್ಲ, ‘ಭರ್ತಿಯಾಗಿದೆ’ ಎಂಬ ಮಾತು ಮಾತ್ರ ಕೇಳಿಸುತ್ತಿತ್ತು. ಆ ಮಾತು ನಿಜವೋ ಅಲ್ಲವೋ ಎಂದು ತಿಳಿಯುವ ದಾರಿ ಇರಲಿಲ್ಲ. ದಲ್ಲಾಳಿ ಹುಟ್ಟಿದ್ದು ಈ ಕಾಣದ ಪುಟದ ಮರೆಯಲ್ಲಿ. ಮುಂದೆ ತಂತ್ರಜ್ಞಾನ ಬದಲಾದಾಗಲೆಲ್ಲ ಅವನೂ ತನ್ನ ಉಪಕರಣ ಬದಲಿಸಿಕೊಂಡು ಅದರ ಹಿಂದೆಯೇ ಬಂದ.

ಐದು ನಗರಗಳ ಯಂತ್ರಗಳು

1978ರಲ್ಲಿ ಐಬಿಎಂ ಭಾರತದಿಂದ ನಿರ್ಗಮಿಸಿದಾಗ ಅದು ಬಿಟ್ಟುಹೋದ ಯಂತ್ರಗಳ ನಿರ್ವಹಣೆಯನ್ನು ವಹಿಸಿಕೊಂಡ ಸರ್ಕಾರಿ ಸಂಸ್ಥೆ ಸಿಎಂಸಿ. ಪೂರ್ಣ ಹೆಸರು ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್. ಯಂತ್ರ ರಿಪೇರಿಯ ಹೆಸರು ಹೊತ್ತ ಈ ಸಂಸ್ಥೆಯೇ ರೈಲ್ವೆಗಾಗಿ ‘ಇಂಪ್ರೆಸ್’ ಎಂಬ ತಂತ್ರಾಂಶವನ್ನು ಬರೆಯಿತು. 1985ರ ನವೆಂಬರಿನಲ್ಲಿ ನವದೆಹಲಿಯಲ್ಲಿ ಅದರ ಪ್ರಯೋಗ ಆರಂಭವಾಯಿತು. ಡಿಜಿಟಲ್ ಕಂಪನಿಯ ವ್ಯಾಕ್ಸ್ ಯಂತ್ರಗಳು, ಫೋರ್ಟ್ರಾನ್ ಭಾಷೆ. ಇಂದಿನ ಕಣ್ಣಿಗೆ ಇವು ವಸ್ತುಸಂಗ್ರಹಾಲಯದ ಸರಕಿನಂತೆ ಕಾಣಬಹುದು. ಅಂದು ಅವು ತಂದ ಬದಲಾವಣೆ ಸಣ್ಣದಲ್ಲ.

ಮೊದಲ ಲಾಭ ಎಲ್ಲರ ಕಣ್ಣಿಗೂ ಬಿದ್ದಂಥದು: ಯಾವ ಕಿಟಕಿಯಲ್ಲಾದರೂ ಯಾವ ರೈಲಿನ ಟಿಕೆಟ್ ಆದರೂ ಸಿಗತೊಡಗಿತು. ಖಾತೆಪುಸ್ತಕ ಕಿಟಕಿಯಿಂದ ಬಿಡುಗಡೆ ಪಡೆದು ಎಲ್ಲ ಕಿಟಕಿಗಳಿಗೂ ಸಮಾನವಾಯಿತು. ಎರಡನೆಯ ಲಾಭ ಲೆಕ್ಕದೊಳಗೆ ಅಡಗಿತ್ತು. ಮುಂಬೈಯಿಂದ ಕಲಬುರಗಿಗೆ ಮಾರಿದ ಬರ್ತು ಕಲಬುರಗಿಯಿಂದ ಬೆಂಗಳೂರಿಗೆ ಮತ್ತೆ ಖಾಲಿ ಎಂಬುದನ್ನು ಕಾಗದದ ಪುಸ್ತಕದಲ್ಲಿ ಹಿಂಬಾಲಿಸುವುದು ಕಷ್ಟ. ಯಂತ್ರಕ್ಕೆ ಅದು ಸುಲಭ. ಒಂದೇ ಬರ್ತಿನ ದಾರಿಯನ್ನು ತುಂಡು ತುಂಡಾಗಿ ನೋಡಬಲ್ಲ ಲೆಕ್ಕ ಬಂದ ಮೇಲೆ, ಬೋಗಿ ಹೆಚ್ಚಿಸದೆಯೇ ಒಂದಷ್ಟು ಜನರಿಗೆ ಹೆಚ್ಚು ಜಾಗ ಸಿಕ್ಕಿತು.

1986ರಲ್ಲಿ ರೈಲ್ವೆಯ ಗಣಕ ಕಾರ್ಯಗಳಿಗಾಗಿಯೇ ‘ಕ್ರಿಸ್’ ಎಂಬ ಸಂಸ್ಥೆ ಸ್ಥಾಪನೆಯಾಯಿತು. ದೆಹಲಿಯ ಬಳಿಕ ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದುಗಳಲ್ಲಿ ಯಂತ್ರಗಳು ಬಂದವು. ಈ ಐದರಲ್ಲಿ ನಾಲ್ಕು ನಗರಗಳಲ್ಲಾದರೂ ನಮ್ಮ ಕನ್ನಡ ಸಂಘಗಳು ಹಬ್ಬ ಆಚರಿಸುತ್ತವೆ ಎಂಬುದು ಕಾಕತಾಳೀಯ. ಆದರೆ ಕರ್ನಾಟಕದೊಳಗೆ ಅಂಥ ಕೇಂದ್ರವಿಲ್ಲ ಎಂಬುದು ವಾಸ್ತವ. ಬೆಂಗಳೂರಿನಿಂದ ಹೊರಡುವ ರೈಲುಗಳ ಬರ್ತಿನ ಲೆಕ್ಕ ಚೆನ್ನೈ ಕೇಂದ್ರದಲ್ಲಿದೆ. ಟಿಕೆಟಿನ ಮೇಲಿನ ಹತ್ತು ಅಂಕಿಗಳ ಪಿಎನ್‌ಆರ್ ಸಂಖ್ಯೆಯ ಮೊದಲ ಅಂಕಿ ಯಾವ ಕೇಂದ್ರದ ಪುಸ್ತಕದಲ್ಲಿ ನಮ್ಮ ಹೆಸರು ಬರೆದಿದೆ ಎಂಬುದನ್ನು ಇಂದಿಗೂ ಸೂಚಿಸುತ್ತದೆ.

ಆರಂಭದಲ್ಲಿ ಈ ಐದು ಯಂತ್ರಗಳು ಐದು ದ್ವೀಪಗಳಾಗಿದ್ದವು. ಅವುಗಳನ್ನು ಬೆಸೆಯಲು ಕ್ರಿಸ್ ‘ಕನ್ಸರ್ಟ್’ ಎಂಬ ಹೊಸ ತಂತ್ರಾಂಶವನ್ನು ಸಿ ಭಾಷೆಯಲ್ಲಿ ಬರೆಯಿತು. 1994ರಲ್ಲಿ ಅದು ಮೊದಲಿಗೆ ಸಿಕಂದರಾಬಾದಿನಲ್ಲಿ ಚಾಲನೆಗೆ ಬಂತು. 1999ರ ಏಪ್ರಿಲ್ ಹೊತ್ತಿಗೆ ಐದೂ ಕೇಂದ್ರಗಳು ಒಂದೇ ಜಾಲದಲ್ಲಿ ಸೇರಿದವು. ಚೆನ್ನೈಯ ಕಿಟಕಿಯಲ್ಲಿ ನಿಂತು ದೆಹಲಿಯಿಂದ ಹೊರಡುವ ರೈಲಿನ ಬರ್ತು ಕೇಳಿದರೆ, ಬೇಡಿಕೆ ದೆಹಲಿಯ ಯಂತ್ರಕ್ಕೆ ಹೋಗಿ ಉತ್ತರ ಕ್ಷಣಗಳಲ್ಲಿ ಮರಳತೊಡಗಿತು. ಮಧ್ಯದಲ್ಲಿ ತಂತಿ ಕಡಿದುಹೋದರೆ ಹಣ ಇಲ್ಲಿ ಪಡೆದು ಬರ್ತು ಅಲ್ಲಿ ಬರೆಯದೆ ಉಳಿಯಬಾರದು. ಬರೆದ ಬರ್ತು ಎರಡು ಸಲ ಮಾರಾಟವಾಗಲೂಬಾರದು. ಈ ಹೊಣೆಯನ್ನು ಹೊತ್ತದ್ದು ‘ರಿಲೈಯಬಲ್ ಟ್ರಾನ್ಸಾಕ್ಷನ್ ರೂಟರ್’ ಎಂಬ ಮಧ್ಯವರ್ತಿ ತಂತ್ರಾಂಶ. ಒಂದು ವ್ಯವಹಾರ ಪೂರ್ತಿ ನಡೆಯಬೇಕು, ಇಲ್ಲವೇ ನಡೆದೇ ಇಲ್ಲವೆಂಬಂತೆ ಅಳಿಸಿಹೋಗಬೇಕು ಎಂಬುದು ಅದರ ಕಟ್ಟಳೆ. ಮರುತಂತಿಗಾಗಿ ದಿನಗಟ್ಟಲೆ ಕಾದವರ ಮಕ್ಕಳು ಇದನ್ನು ಸಹಜವೆಂದು ಭಾವಿಸಿ ಬೆಳೆದರು.

ನಕಲು ಮಾಡಲಾಗದ ಸರಕು

1999ರ ಸೆಪ್ಟೆಂಬರಿನಲ್ಲಿ ಐಆರ್‌ಸಿಟಿಸಿ ಎಂಬ ಸಂಸ್ಥೆ ನೋಂದಣಿಯಾಯಿತು. 2002ರ ಆಗಸ್ಟ್ 3ರಂದು ಅದು ಅಂತರ್ಜಾಲದ ಮೂಲಕ ಟಿಕೆಟ್ ಮಾರಾಟವನ್ನು ಆರಂಭಿಸಿತು. ಮೊದಮೊದಲು ಜಾಲತಾಣದಲ್ಲಿ ಹಣ ಕಟ್ಟಿದ ಮೇಲೆ ಕಾಗದದ ಟಿಕೆಟ್ ಕೊರಿಯರ್ ಮೂಲಕ ಮನೆಗೆ ಬರುತ್ತಿತ್ತು. 2005ರಲ್ಲಿ ಇ-ಟಿಕೆಟ್ ಬಂದು ಮನೆಯ ಪ್ರಿಂಟರಿನ ಕಾಗದವೇ ಟಿಕೆಟಾಯಿತು. ಕೆಲವು ವರ್ಷಗಳಲ್ಲಿ ಕಾಗದವೂ ಬೇಡವಾಗಿ ಮೊಬೈಲಿನ ಸಂದೇಶ, ಗುರುತಿನ ಚೀಟಿಗಳಷ್ಟೇ ಸಾಕಾದವು.

ಜಾಲತಾಣದ ಬಳಿ ಸ್ವಂತದ ಬರ್ತುಗಳು ಇರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅದು ಹಳೆಯ ಮನೆಗೆ ಹೊಸದಾಗಿ ಒಡೆದ ಒಂದು ಬಾಗಿಲು. ಒಳಗಿದ್ದದ್ದು ಅದೇ ಐದು ಕೇಂದ್ರಗಳ ಲೆಕ್ಕ. ಆ ಲೆಕ್ಕವನ್ನು ಕಟ್ಟಿದವರು ಕೌಂಟರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದರು. ಕೌಂಟರು ಎಂಬುದು ತನಗೇ ತಿಳಿಯದಂತೆ ಅಣೆಕಟ್ಟಿನ ಕೆಲಸ ಮಾಡುತ್ತಿತ್ತು. ದೇಶದಲ್ಲಿ ಎಷ್ಟು ಕಿಟಕಿಗಳಿವೆಯೋ ಒಮ್ಮೆಗೆ ಅಷ್ಟೇ ಬೇಡಿಕೆಗಳು ಯಂತ್ರವನ್ನು ಮುಟ್ಟಬಲ್ಲವು. ಗುಮಾಸ್ತರ ಬೆರಳಿನ ವೇಗವೇ ವ್ಯವಸ್ಥೆಯ ವೇಗ. ಸಾಲಿನಲ್ಲಿ ಸಾವಿರ ಜನರಿದ್ದರೂ ಯಂತ್ರಕ್ಕೆ ಕಾಣುವುದು ಮುಂದಿರುವ ಒಬ್ಬರು ಮಾತ್ರ. ಜಾಲತಾಣ ಬಂದಾಗ ಈ ಕಟ್ಟೆ ಒಡೆಯಿತು. ಸಾಲಿನಲ್ಲಿದ್ದ ಸಾವಿರ ಜನರೂ ಒಂದೇ ಕ್ಷಣದಲ್ಲಿ ಕಿಟಕಿಗೆ ಮುಖ ಒಡ್ಡಿದರು.

ಜನಸಂದಣಿಯ ಇತರ ಜಾಲತಾಣಗಳು ಇಂಥ ಪ್ರವಾಹವನ್ನು ತಾಳಿಕೊಳ್ಳಲು ಬಳಸುವ ಮುಖ್ಯ ಉಪಾಯ ನಕಲು. ಪತ್ರಿಕೆಯ ಒಂದು ವರದಿಯನ್ನು ಹತ್ತು ಲಕ್ಷ ಜನ ಓದಬೇಕೆಂದರೆ ಅದರ ಪ್ರತಿಗಳನ್ನು ನೂರಾರು ಯಂತ್ರಗಳಲ್ಲಿ ಇಟ್ಟರೆ ಆಯಿತು. ಯಾರು ಯಾವ ಪ್ರತಿ ಓದಿದರೂ ಓದಿದ್ದು ಒಂದೇ. ಚಲನಚಿತ್ರ, ಹಾಡು, ನಕ್ಷೆ, ಎಲ್ಲಕ್ಕೂ ಇದೇ ಉಪಾಯ ಸಲ್ಲುತ್ತದೆ. ರೈಲ್ವೆಯಲ್ಲೂ ವೇಳಾಪಟ್ಟಿಗೆ, ದರಪಟ್ಟಿಗೆ ಇದು ಸಲ್ಲುತ್ತದೆ. ಬರ್ತು ಎಷ್ಟು ಖಾಲಿಯಿದೆ ಎಂಬ ಸಂಖ್ಯೆಗೆ ಅರ್ಧ ಸಲ್ಲುತ್ತದೆ. ಕೆಲವು ಸೆಕೆಂಡು ಹಳೆಯ ಸಂಖ್ಯೆಯನ್ನು ತೋರಿಸಬಹುದು. ಜನದಟ್ಟಣೆಯ ಹೊತ್ತಿನಲ್ಲಿ ಆ ಕೆಲವು ಸೆಕೆಂಡುಗಳಲ್ಲೇ ಅದು ಸುಳ್ಳಾಗಿರುತ್ತದೆ. ಬರ್ತಿಗೆ ಮಾತ್ರ ಅದು ಸಲ್ಲುವುದೇ ಇಲ್ಲ. ಎಸ್-4 ಬೋಗಿಯ 23ನೆಯ ಬರ್ತು ಜಗತ್ತಿನಲ್ಲಿ ಒಂದೇ. ಅದನ್ನು ಬೇಡುವವರು ಸಾವಿರ ಜನರಿದ್ದರೆ ಸಾವಿರ ಬೇಡಿಕೆಗಳೂ ಕೊನೆಗೆ ಒಂದೇ ಲೆಕ್ಕದ ಎದುರು, ಒಂದರ ಹಿಂದೆ ಒಂದಾಗಿ, ನಿಲ್ಲಲೇಬೇಕು. ಎಷ್ಟು ಯಂತ್ರಗಳನ್ನು ಕೊಂಡರೂ, ಎಷ್ಟು ಬಾಗಿಲುಗಳನ್ನು ತೆರೆದರೂ ಈ ಕೊನೆಯ ಸಾಲನ್ನು ಅಳಿಸಲಾಗದು. ಖಾತೆಪುಸ್ತಕದ ಕಾಲದ ಗುಮಾಸ್ತರ ಎದುರಿನ ಸಾಲಿಗೂ ಇದಕ್ಕೂ ವೇಗದ ಅಂತರವಿದೆ, ಸ್ವರೂಪದ ಅಂತರವಿಲ್ಲ.

ಹಣದ ವಿಚಾರ ಬಂದಾಗ ತೊಡಕು ಇಮ್ಮಡಿಸುತ್ತದೆ. ಕೌಂಟರಿನಲ್ಲಿ ನೋಟು ಮತ್ತು ಟಿಕೆಟ್ ಒಂದೇ ಕಿಟಕಿಯಲ್ಲಿ ಕೈ ಬದಲಿಸುತ್ತವೆ. ಜಾಲತಾಣದಲ್ಲಿ ಹಣ ಬ್ಯಾಂಕಿನ ಯಂತ್ರದಲ್ಲಿದೆ, ಬರ್ತು ರೈಲ್ವೆಯ ಯಂತ್ರದಲ್ಲಿದೆ. ಪ್ರಯಾಣಿಕರು ಬ್ಯಾಂಕಿನ ಪುಟದಲ್ಲಿ ಅಂಕಿಗಳನ್ನು ತುಂಬುತ್ತಿರುವಾಗ ರೈಲ್ವೆ ಅವರಿಗಾಗಿ ಬರ್ತನ್ನು ತಡೆದಿಡುವುದಿಲ್ಲ. ಹಣ ಸಂದಾಯವಾದ ಮೇಲೆಯೇ ಬರ್ತಿನ ಬೇಡಿಕೆ ಮುಂದೆ ಹೋಗುತ್ತದೆ. ತಡೆದಿಟ್ಟರೆ ಹಣ ಕಟ್ಟದೆಯೇ ಬರ್ತುಗಳನ್ನು ಹಿಡಿದು ಕೂರುವವರಿಗೆ ಅದೇ ದಾರಿಯಾಗುತ್ತಿತ್ತು. ತಡೆದಿಡದ ಕಾರಣ ಹಣ ಕಡಿತವಾಗಿ, ಬರ್ತು ಕೈತಪ್ಪಿ, ಮರುಪಾವತಿಗಾಗಿ ಕಾಯುವ ಹೊಸ ಸಾಲೊಂದು ಹುಟ್ಟಿತು. ಒಂದು ಅನ್ಯಾಯವನ್ನು ತಪ್ಪಿಸಲು ಇನ್ನೊಂದು ಅನನುಕೂಲವನ್ನು ಒಪ್ಪಿಕೊಳ್ಳಬೇಕಾದ ಇಂಥ ಆಯ್ಕೆಗಳು ಈ ವ್ಯವಸ್ಥೆಯ ತುಂಬ ಇವೆ.

ಹತ್ತು ಗಂಟೆಯ ನಿಮಿಷ

1997ರ ಕೊನೆಯಲ್ಲಿ ತತ್ಕಾಲ್ ಯೋಜನೆ ಬಂತು. ಅನಿರೀಕ್ಷಿತವಾಗಿ ಹೊರಡಬೇಕಾದವರಿಗಾಗಿ, ಹೆಚ್ಚಿನ ದರಕ್ಕೆ, ಪ್ರತ್ಯೇಕವಾಗಿ ಎತ್ತಿಟ್ಟ ಬರ್ತುಗಳು. ಊರಿನಲ್ಲಿ ತಾಯಿಗೆ ಹುಷಾರಿಲ್ಲ ಎಂಬ ದೂರವಾಣಿ ಬಂದವರಿಗೆ ಇದಕ್ಕಿಂತ ಉಪಕಾರದ ಯೋಜನೆ ಬೇರೊಂದಿಲ್ಲ. ಆದರೆ ನಿಗದಿತ ಹೊತ್ತಿಗೆ ದೇಶದ ಎಲ್ಲ ರೈಲುಗಳ ಬರ್ತುಗಳನ್ನೂ ಒಮ್ಮೆಗೇ ತೆರೆಯುವುದೆಂದರೆ ಸರ್ವರುಗಳ ಪಾಲಿಗೆ ದಿನಕ್ಕೊಂದು ಜಾತ್ರೆಯನ್ನು ಆಹ್ವಾನಿಸಿದಂತೆ. ಉಳಿದ ಹೊತ್ತಿನಲ್ಲಿ ಅರೆನಿದ್ರೆಯಲ್ಲಿರುವ ಯಂತ್ರಗಳು ಆ ಒಂದು ನಿಮಿಷಕ್ಕಾಗಿ ಸಜ್ಜಾಗಿರಬೇಕು. ವ್ಯವಸ್ಥೆಯ ಗಾತ್ರವನ್ನು ನಿರ್ಧರಿಸುವುದು ದಿನದ ಸರಾಸರಿಯಲ್ಲ, ಆ ಒಂದು ನಿಮಿಷ.

ಆ ನಿಮಿಷವನ್ನು ಎದುರಿಸಲು ರೈಲ್ವೆ ಎರಡು ದಾರಿಗಳನ್ನು ಹಿಡಿಯಿತು. ಒಂದು, ಗಡಿಯಾರವನ್ನು ಹೊಂದಿಸುವುದು. ಬೆಳಗಿನ ಎಂಟಕ್ಕೆ ತೆರೆಯುತ್ತಿದ್ದ ತತ್ಕಾಲನ್ನು 2012ರಲ್ಲಿ ಹತ್ತಕ್ಕೆ ಸರಿಸಲಾಯಿತು. ಸಾಮಾನ್ಯ ಕಾಯ್ದಿರಿಸುವಿಕೆ ತೆರೆಯುವ ಎಂಟು ಗಂಟೆಯ ಒತ್ತಡದಿಂದ ಅದು ಬೇರ್ಪಟ್ಟಿತು. 2015ರ ಜೂನ್ 15ರಿಂದ ಹವಾನಿಯಂತ್ರಿತ ದರ್ಜೆಗೆ ಹತ್ತು, ಉಳಿದ ದರ್ಜೆಗಳಿಗೆ ಹನ್ನೊಂದು ಎಂದು ಜಾತ್ರೆಯನ್ನು ಎರಡಾಗಿ ಒಡೆಯಲಾಯಿತು. ಯಂತ್ರ ಕೊಳ್ಳದೆ, ಒಂದು ಸಾಲು ತಂತ್ರಾಂಶವನ್ನೂ ಹೊಸದಾಗಿ ಬರೆಯದೆ ಸಿಕ್ಕ ಸಾಮರ್ಥ್ಯವಿದು. ಮಧ್ಯರಾತ್ರಿಯ ಆಸುಪಾಸಿನಲ್ಲಿ ಸುಮಾರು ಅರ್ಧ ಗಂಟೆ ಇಡೀ ವ್ಯವಸ್ಥೆಯೇ ಬಾಗಿಲು ಹಾಕಿಕೊಳ್ಳುವ ಹಳೆಯ ಪದ್ಧತಿಯೂ ಗಡಿಯಾರದ ಶಿಸ್ತಿಗೆ ಸೇರಿದ್ದೇ.

ಎರಡನೆಯ ದಾರಿ ಯಂತ್ರಗಳನ್ನೇ ಬೆಳೆಸುವುದು. 2014ರ ಏಪ್ರಿಲ್ 28ರಂದು ಕ್ರಿಸ್ ರೂಪಿಸಿದ ಹೊಸ ಇ-ಟಿಕೆಟ್ ವ್ಯವಸ್ಥೆ ಜಾರಿಗೆ ಬಂತು. ಅಲ್ಲಿಯವರೆಗೆ ನಿಮಿಷಕ್ಕೆ ಸುಮಾರು 2,000 ಟಿಕೆಟ್ ಕೊಡುತ್ತಿದ್ದ ಜಾಲತಾಣದ ಸಾಮರ್ಥ್ಯ 7,200ಕ್ಕೆ ಏರಿತು. ಒಮ್ಮೆಗೆ ಒಳಗಿರಬಲ್ಲವರ ಸಂಖ್ಯೆ 40,000ದಿಂದ 1,20,000ಕ್ಕೆ ಹೋಯಿತು. ಇದರ ಹಿಂದಿನ ಮುಖ್ಯ ಬದಲಾವಣೆಗಳಲ್ಲಿ ಒಂದು, ಪದೇ ಪದೇ ಬೇಕಾಗುವ ಮಾಹಿತಿಯನ್ನು ಡಿಸ್ಕಿನಲ್ಲಿ ಹುಡುಕುವ ಬದಲು ಹಲವು ಯಂತ್ರಗಳ ನೆನಪಿನ ಕೋಶಗಳಲ್ಲಿ ಹಂಚಿ ಇಡುವುದು. ಜೆಮ್‌ಫೈರ್ ಎಂಬ ತಂತ್ರಾಂಶ ಈ ಕೆಲಸಕ್ಕೆ ಬಂತು. ಕಪಾಟಿನಿಂದ ಕಡತ ತೆಗೆಯುವ ಗುಮಾಸ್ತರಿಗೂ, ಬಾಯಿಪಾಠವಾಗಿರುವುದನ್ನು ಹೇಳುವ ಗುಮಾಸ್ತರಿಗೂ ಇರುವ ವ್ಯತ್ಯಾಸವಿದು. 2020ರ ಮಾರ್ಚ್ 5ರಂದು ಒಂದೇ ನಿಮಿಷದಲ್ಲಿ 26,458 ಟಿಕೆಟುಗಳು ಮಾರಾಟವಾದವು. 2025ರ ಮೇ 22ರಂದು ಆ ಸಂಖ್ಯೆ 31,814ಕ್ಕೆ ಮುಟ್ಟಿತು. ನಿಮಿಷಕ್ಕೆ ಒಂದೂವರೆ ಲಕ್ಷ ಟಿಕೆಟುಗಳ ಗುರಿಯನ್ನು ಅದೇ ವರ್ಷದ ಜೂನಿನಲ್ಲಿ ರೈಲ್ವೆ ಪ್ರಕಟಿಸಿತು.

ಈ ಅಂಕಿಗಳ ಪಕ್ಕದಲ್ಲಿ ಇನ್ನೊಂದು ಜೊತೆ ಅಂಕಿಗಳನ್ನು ಇಟ್ಟು ನೋಡಬೇಕು. ಹಳೆಯ ಮಾದರಿಯ ಸ್ಲೀಪರ್ ಬೋಗಿಯಲ್ಲಿ 72 ಬರ್ತುಗಳು. ಹೊಸ ಎಲ್‌ಎಚ್‌ಬಿ ಮಾದರಿಯ ಬೋಗಿಯಲ್ಲಿ 80. ಹನ್ನೊಂದು ವರ್ಷಗಳಲ್ಲಿ ಟಿಕೆಟ್ ಕೊಡುವ ವೇಗ ಸುಮಾರು ಹದಿನಾರು ಪಟ್ಟಾಗಿದೆ. ಬೋಗಿಯೊಳಗಿನ ಜಾಗ ಒಂಬತ್ತರಲ್ಲಿ ಒಂದು ಪಾಲು ಹಿಗ್ಗಿದೆ. ರೈಲುಗಳೂ ಹೆಚ್ಚಿವೆ, ಮಾರ್ಗಗಳೂ ಜೋಡಿಯಾಗಿವೆ ಎಂಬುದು ನಿಜ. ಆದರೂ ಹಬ್ಬದ ವಾರದ ಉದ್ಯಾನ್ ಎಕ್ಸ್‌ಪ್ರೆಸ್ಸಿನ ವೇಟಿಂಗ್ ಲಿಸ್ಟ್ ನೋಡಿದವರಿಗೆ ಈ ಎರಡು ವೇಗಗಳ ಅಂತರವನ್ನು ವಿವರಿಸಿ ಹೇಳಬೇಕಾಗಿಲ್ಲ. ವೇಗದ ಯಂತ್ರದಿಂದ ಬರ್ತು ಹುಟ್ಟುವುದಿಲ್ಲ. ಇರುವ ಬರ್ತು ಎಷ್ಟು ಬೇಗ ಮುಗಿಯುತ್ತದೆ ಎಂಬುದನ್ನಷ್ಟೇ ಅದು ತೀರ್ಮಾನಿಸುತ್ತದೆ. ಮೊದಲು ಅರ್ಧ ದಿನದಲ್ಲಿ ಮುಗಿಯುತ್ತಿದ್ದದ್ದು ಈಗ ನಿಮಿಷಗಳಲ್ಲಿ ಮುಗಿಯುತ್ತದೆ. ಅರ್ಧ ದಿನದ ಸ್ಪರ್ಧೆಯಲ್ಲಿ ತಾಳ್ಮೆಯಿದ್ದವರು ಗೆಲ್ಲಬಹುದಿತ್ತು. ನಿಮಿಷದ ಸ್ಪರ್ಧೆಯಲ್ಲಿ ಒಳ್ಳೆಯ ಮೊಬೈಲು, ಒಳ್ಳೆಯ ಸಂಪರ್ಕ, ಚುರುಕು ಬೆರಳುಗಳಿದ್ದವರು ಗೆಲ್ಲುತ್ತಾರೆ.

2020ರ ಮೇ 11

ಕಿಟಕಿಯ ಬೆಲೆ ಏನೆಂಬುದು ಕಿಟಕಿ ಮುಚ್ಚಿದ ದಿನ ತಿಳಿಯಿತು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಪ್ರಯಾಣಿಕ ರೈಲುಗಳು ನಿಂತವು. ಮೇ 12ರಿಂದ ದೆಹಲಿಯನ್ನು ಬೆಂಗಳೂರು, ಮುಂಬೈ, ಚೆನ್ನೈ, ಸಿಕಂದರಾಬಾದ್ ಮೊದಲಾದ ನಗರಗಳೊಡನೆ ಜೋಡಿಸುವ 15 ಜೊತೆ ವಿಶೇಷ ರೈಲುಗಳು ಓಡುತ್ತವೆಂದು ಪ್ರಕಟವಾಯಿತು. ಅವು ಹವಾನಿಯಂತ್ರಿತ ರೈಲುಗಳು. ನಿಲ್ದಾಣದ ಕೌಂಟರುಗಳು ತೆರೆಯುವುದಿಲ್ಲ, ಐಆರ್‌ಸಿಟಿಸಿಯ ಜಾಲತಾಣ ಮತ್ತು ಆ್ಯಪ್ ಮೂಲಕ ಮಾತ್ರ ಟಿಕೆಟ್ ಎಂಬುದು ನಿಬಂಧನೆ. ಮೇ 11ರ ಸಂಜೆ ನಾಲ್ಕಕ್ಕೆ ಮಾರಾಟ ಆರಂಭವಾಗಬೇಕಿತ್ತು. ಹೊತ್ತಿಗೆ ಮುಂಚೆಯೇ ಜನ ಜಾಲತಾಣದ ಬಾಗಿಲಿಗೆ ನುಗ್ಗಿದರು, ಪುಟಗಳು ತೆರೆಯಲಿಲ್ಲ. ವಿಶೇಷ ರೈಲುಗಳ ಮಾಹಿತಿಯನ್ನು ಇನ್ನೂ ವ್ಯವಸ್ಥೆಗೆ ಊಡಿಸಲಾಗುತ್ತಿದೆ ಎಂದು ಹೇಳಿ ಆರಕ್ಕೆ ಮುಂದೂಡಲಾಯಿತು. ರಾತ್ರಿ ಒಂಬತ್ತೂಕಾಲರ ಹೊತ್ತಿಗೆ ಸುಮಾರು 30,000 ಪಿಎನ್‌ಆರ್‌ಗಳಲ್ಲಿ 54,000ಕ್ಕೂ ಹೆಚ್ಚು ಪ್ರಯಾಣಿಕರಿಗೆ ಟಿಕೆಟ್ ಸಿಕ್ಕಿತ್ತು.

ಮಾರ್ಚಿನಲ್ಲಿ ಒಂದು ನಿಮಿಷಕ್ಕೆ 26,000 ಟಿಕೆಟ್ ಕೊಟ್ಟ ಯಂತ್ರ ಮೇ ತಿಂಗಳಲ್ಲಿ ಮೂರು ಗಂಟೆಗೆ 30,000 ಕೊಟ್ಟಿತು. ಯಂತ್ರ ಕೆಟ್ಟಿತ್ತೆಂದಲ್ಲ, ಮಾರಲು ಇದ್ದ ರೈಲುಗಳೇ ಅಷ್ಟು. ಸಾಮರ್ಥ್ಯವೆಂಬುದು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದಿನ ಈ ಚರಿತ್ರೆಯಲ್ಲಿ ಇನ್ನೊಂದಿಲ್ಲ. ಅದೇ ವಾರಗಳಲ್ಲಿ ಹೆದ್ದಾರಿಗಳ ಮೇಲೆ ಗಂಟುಮೂಟೆ ಹೊತ್ತು ನಡೆಯುತ್ತಿದ್ದ ಕಾರ್ಮಿಕರ ಚಿತ್ರಗಳು ನಮ್ಮ ಕಣ್ಣಮುಂದಿದ್ದವು. ಅವರಿಗಾಗಿ ಶ್ರಮಿಕ್ ರೈಲುಗಳು ಬೇರೆಯೇ ಏರ್ಪಾಡಿನಲ್ಲಿ, ರಾಜ್ಯ ಸರ್ಕಾರಗಳ ನೋಂದಣಿಯ ಮೂಲಕ ಓಡಿದವು. ಈ ವಿಶೇಷ ರೈಲುಗಳ ಮಟ್ಟಿಗಾದರೂ ಕೌಂಟರು ಮುಚ್ಚಿದ ಕೂಡಲೇ ಸಾಲಿನಲ್ಲಿ ನಿಲ್ಲುವ ಅರ್ಹತೆಯೇ ಬದಲಾಗಿಹೋಯಿತು. ಕೈಯಲ್ಲಿ ಹಣವಿದ್ದರೂ ಖಾತೆಯಲ್ಲಿ ಹಣವಿಲ್ಲದವರು, ಮೊಬೈಲಿದ್ದರೂ ಇಂಗ್ಲಿಷ್ ಅಥವಾ ಹಿಂದಿಯ ಪುಟ ಓದಲಾರದವರು ಆ ಸಾಲಿನಲ್ಲಿ ಇರಲೇ ಇಲ್ಲ.

ಬಾಗಿಲು ಕಾಯುವ ಕೆಲಸ

ದಲ್ಲಾಳಿಯ ಕಥೆಗೆ ಮರಳೋಣ. ಖಾತೆಪುಸ್ತಕದ ಮರೆಯಲ್ಲಿ ಹುಟ್ಟಿದವನು ಕೌಂಟರಿನ ಕಾಲದಲ್ಲಿ ಸಾಲಿನಲ್ಲಿ ಕೂಲಿ ಆಳುಗಳನ್ನು ನಿಲ್ಲಿಸಿದ. ಜಾಲತಾಣದ ಕಾಲದಲ್ಲಿ ತಂತ್ರಾಂಶವನ್ನು ನಿಲ್ಲಿಸಿದ. ಹೆಸರು, ವಯಸ್ಸು, ಬ್ಯಾಂಕಿನ ವಿವರಗಳನ್ನು ಮೊದಲೇ ತುಂಬಿಟ್ಟುಕೊಂಡು, ಹತ್ತು ಹೊಡೆದ ಕ್ಷಣದಲ್ಲಿ ನೂರಾರು ಖಾತೆಗಳಿಂದ ಒಮ್ಮೆಗೇ ಬೇಡಿಕೆ ಕಳಿಸುವ ತಂತ್ರಾಂಶಗಳು ಮಾರುಕಟ್ಟೆಗೆ ಬಂದವು. 2017ರ ಡಿಸೆಂಬರಿನಲ್ಲಿ ಇಂಥದ್ದೊಂದನ್ನು ಬರೆದು ಮಾರಿದ ಆರೋಪದ ಮೇಲೆ ಸಿಬಿಐ ತನ್ನದೇ ಒಬ್ಬ ಸಹಾಯಕ ಪ್ರೋಗ್ರಾಮರನ್ನು ಬಂಧಿಸಿತು. ಬೇಲಿ ಹೊಲ ಮೇಯುವ ಗಾದೆಗೆ ಗಣಕಯುಗದ ಉದಾಹರಣೆಯಿದು.

ಪ್ರತಿಯಾಗಿ ರೈಲ್ವೆ ಒಂದೊಂದೇ ಅಡ್ಡಗಟ್ಟೆ ಹಾಕುತ್ತ ಬಂತು. ಓದಲು ಕಷ್ಟವಾಗುವ ಅಕ್ಷರಗಳನ್ನು ಗುರುತಿಸಿ ಬರೆಯುವ ಕ್ಯಾಪ್ಚಾ ಬಂತು. 2016ರಿಂದ ಒಬ್ಬರಿಗೆ ತಿಂಗಳಿಗೆ ಆರು ಟಿಕೆಟುಗಳ ಮಿತಿ ಬಂತು; ಮುಂದೆ ಆ ಮಿತಿಯನ್ನು ಸಡಿಲಿಸಲಾಯಿತು. 2025ರಲ್ಲಿ ರೈಲ್ವೆ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಕಾಯ್ದಿರಿಸುವಿಕೆ ತೆರೆದ ಮೊದಲ ಐದು ನಿಮಿಷಗಳಲ್ಲಿ ಒಳಬರಲು ನಡೆದ ಪ್ರಯತ್ನಗಳಲ್ಲಿ ಅರ್ಧದಷ್ಟು ಯಂತ್ರಗಳದ್ದೇ ಆಗಿರುತ್ತಿತ್ತು. ಎರಡೂವರೆ ಕೋಟಿ ಬಳಕೆದಾರ ಖಾತೆಗಳನ್ನು ನಿಷ್ಕ್ರಿಯಗೊಳಿಸಲಾಯಿತು. ಎಂದರೆ ಅಷ್ಟು ಕಾಲ ನಿಮಿಷಕ್ಕೆ ಇಷ್ಟು ಸಾವಿರವೆಂದು ಬೆಳೆಸಿದ ಸಾಮರ್ಥ್ಯದ ಒಂದು ದೊಡ್ಡ ಪಾಲು ಪ್ರಯಾಣ ಮಾಡದವರ ಸೇವೆಗೆ ಸಲ್ಲುತ್ತಿತ್ತು. 2025ರ ಜುಲೈ 1ರಿಂದ ಜಾಲತಾಣದಲ್ಲಿ ತತ್ಕಾಲ್ ಟಿಕೆಟ್ ಪಡೆಯಲು ಆಧಾರ್ ದೃಢೀಕರಣ ಕಡ್ಡಾಯವಾಯಿತು. ಅಧಿಕೃತ ಏಜೆಂಟರು ಮೊದಲ ಅರ್ಧ ಗಂಟೆ ದೂರವಿರಬೇಕಾಯಿತು.

ಇವು ಬೇಕಾದ ಕ್ರಮಗಳೇ. ಆದರೂ ಇವುಗಳಿಂದ ಬಾಗಿಲಿನ ಸ್ವರೂಪ ಬದಲಾಯಿತು ಎಂಬುದನ್ನು ಮರೆಯಬಾರದು. ಖಾತೆಪುಸ್ತಕದ ಗುಮಾಸ್ತರು ಹೆಸರು, ವಯಸ್ಸು ಕೇಳುತ್ತಿದ್ದರು. ಇಂದಿನ ಬಾಗಿಲು ಗುರುತಿನ ಸಂಖ್ಯೆ ಕೇಳುತ್ತದೆ, ಆ ಸಂಖ್ಯೆಗೆ ಜೋಡಿಸಿದ ಮೊಬೈಲು ಕೈಯಲ್ಲಿರಬೇಕೆನ್ನುತ್ತದೆ, ಸಂದೇಶದಲ್ಲಿ ಬಂದ ಅಂಕಿಗಳನ್ನು ಕೆಲವು ಸೆಕೆಂಡುಗಳಲ್ಲಿ ಬರೆಯಬೇಕೆನ್ನುತ್ತದೆ. ಯಂತ್ರವನ್ನು ತಡೆಯಲು ಕಟ್ಟಿದ ಪ್ರತಿ ಹೊಸ್ತಿಲನ್ನೂ ಎಪ್ಪತ್ತು ದಾಟಿದ ಹಿರಿಯರೂ ದಾಟಬೇಕಾಗುತ್ತದೆ. ಮುಂಬೈ, ಪುಣೆಗಳಲ್ಲಿ ಕಟ್ಟಡ ಕೆಲಸಕ್ಕೆ ಬಂದಿರುವ ಕಲಬುರಗಿ, ಯಾದಗಿರಿಯ ಕುಟುಂಬಗಳಲ್ಲಿ ಎಷ್ಟೋ ಜನ ಈ ಹೊಸ್ತಿಲುಗಳ ಗೊಡವೆಗೇ ಹೋಗದೆ ಸಾಮಾನ್ಯ ಬೋಗಿಯಲ್ಲಿ ನಿಂತೇ ಹೋಗುತ್ತಾರೆ. ಸಾಲಿನ ಯಾವ ಲೆಕ್ಕದಲ್ಲೂ ಅವರು ಸೇರುವುದಿಲ್ಲ.

ಒಂದು ಸಣ್ಣ ನಿಯಮದಲ್ಲಿ ಈ ಇಡೀ ಸ್ಥಳಾಂತರದ ತಿರುಳನ್ನು ಕಾಣಬಹುದು. ಕೌಂಟರಿನಲ್ಲಿ ಪಡೆದ ವೇಟಿಂಗ್ ಲಿಸ್ಟ್ ಟಿಕೆಟ್ ಒಂದು ಕಾಗದ. ಚಾರ್ಟ್ ಸಿದ್ಧವಾದ ಮೇಲೂ ಅದು ಪ್ರಯಾಣಿಕರ ಕೈಯಲ್ಲೇ ಇರುತ್ತದೆ. ಅವರೇ ಹೋಗಿ ಹಿಂದಿರುಗಿಸಿದರೆ ಮಾತ್ರ ಅದು ರದ್ದಾಗುತ್ತದೆ. ಇ-ಟಿಕೆಟ್ ಹಾಗಲ್ಲ. ಚಾರ್ಟ್ ಸಿದ್ಧವಾದಾಗ ಅದರ ಎಲ್ಲ ಹೆಸರುಗಳೂ ವೇಟಿಂಗ್ ಲಿಸ್ಟಿನಲ್ಲೇ ಉಳಿದಿದ್ದರೆ ಯಂತ್ರ ತಾನಾಗಿಯೇ ಅದನ್ನು ರದ್ದು ಮಾಡಿ ಹಣವನ್ನು ಖಾತೆಗೆ ಮರಳಿಸುತ್ತದೆ. ಲೆಕ್ಕದ ದೃಷ್ಟಿಯಿಂದ ಎರಡನೆಯದು ಅಚ್ಚುಕಟ್ಟು. ಯಾರೂ ಹಣಕ್ಕಾಗಿ ಅಲೆಯಬೇಕಿಲ್ಲ. ಆದರೆ ಗಂಟು ಕಟ್ಟಿಕೊಂಡು ನಿಲ್ದಾಣಕ್ಕೆ ಹೊರಟವರ ಕೈಯಿಂದ ಪ್ರಯಾಣವನ್ನು ಅವರನ್ನು ಕೇಳದೆಯೇ ಹಿಂತೆಗೆದುಕೊಳ್ಳುವ ಅಧಿಕಾರವೂ ಆ ಅಚ್ಚುಕಟ್ಟಿನೊಳಗೇ ಸೇರಿಕೊಂಡಿದೆ.

ಇಂದು ಕಾಯ್ದಿರಿಸಿದ ಟಿಕೆಟುಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜಾಲತಾಣದ ದಾರಿಯಲ್ಲೇ ಮಾರಾಟವಾಗುತ್ತವೆ. ಉಳಿದವು ಇನ್ನೂ ಕಿಟಕಿಯಲ್ಲಿ. ಆ ಉಳಿದ ಭಾಗವನ್ನು ಹಳೆಯ ಕಾಲದ ಉಳಿಕೆಯೆಂದು ನೋಡಿ, ಅದೂ ಬೇಗ ಕರಗಲಿ ಎನ್ನುವವರಿದ್ದಾರೆ. ಈ ಚರಿತ್ರೆಯನ್ನು ಓದಿದವರು ಹಾಗೆ ಹೇಳಲು ತುಸು ಹಿಂಜರಿದಾರು. ದೆಹಲಿ, ಮುಂಬೈ, ಚೆನ್ನೈಗಳ ಯಂತ್ರಗಳನ್ನು ಬೆಸೆದವರ ಸಾಧನೆ ನಿಜವಾದದ್ದು. ಒಂದು ಬರ್ತನ್ನು ಇಬ್ಬರಿಗೆ ಮಾರದಂತೆ, ಕೋಟ್ಯಂತರ ಜನರ ಹೆಸರು ತಪ್ಪದಂತೆ ನಲವತ್ತು ವರ್ಷ ಲೆಕ್ಕ ಕಾಪಾಡಿದ್ದು ಸುಲಭದ ಕೆಲಸವಲ್ಲ. ಬರ್ತು ಯಾರಿಗೆ ಸೇರಬೇಕು ಎಂಬ ಪ್ರಶ್ನೆಗೆ ಉತ್ತರ ಹೇಳುವ ಹೊಣೆ ಆ ಲೆಕ್ಕದ ಮೇಲೆ ಇರಲಿಲ್ಲ; ಆ ಹೊಣೆ ರೈಲುಗಳ ಸಂಖ್ಯೆಯನ್ನು, ಕಿಟಕಿಗಳ ಸಂಖ್ಯೆಯನ್ನು, ಬಾಗಿಲಿನ ನಿಯಮಗಳನ್ನು ತೀರ್ಮಾನಿಸುವವರ ಮೇಲಿತ್ತು, ಈಗಲೂ ಇದೆ. ಆದ್ದರಿಂದ ನಿಮಿಷಕ್ಕೆ ಎಷ್ಟು ಟಿಕೆಟ್ ಎಂಬ ಮುಂದಿನ ದಾಖಲೆ ಪ್ರಕಟವಾದಾಗ ಅದರ ಜೊತೆಗೆ ಇನ್ನೆರಡು ಅಂಕಿಗಳನ್ನು ಕೇಳಿ ಪಡೆಯುವ ಹಕ್ಕು ನಮಗಿದೆ: ಆ ದಿನ ಚಾರ್ಟ್ ಸಿದ್ಧವಾದಾಗ ಎಷ್ಟು ಜನರ ಟಿಕೆಟ್ ತಾನಾಗಿ ರದ್ದಾಯಿತು, ಮತ್ತು ಆ ದಾರಿಯಲ್ಲಿ ಆ ವರ್ಷ ಎಷ್ಟು ಹೊಸ ಬೋಗಿಗಳು ಸೇರಿದವು.